ಆಲ್ಬಮ್ ವಿನ್ಯಾಸವನ್ನು ಹೊರಗೆ ಕೊಡುವವರು ಜೊತೆಗೆ ಏನು ಬರೆದು ಕಳುಹಿಸುತ್ತೀರಿ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಸ್ಟುಡಿಯೋ ನಡೆಸುತ್ತಿದ್ದೇನೆ. ಆಷಾಢ ಬಂತು, ಕ್ಯಾಮೆರಾಗೆ ಬಿಡುವು ಸಿಕ್ಕಿತು. ಆದರೆ ಹದಿನಾಲ್ಕು ಮದುವೆಗಳ ಆಲ್ಬಮ್ ಬಾಕಿ ಉಳಿದಿವೆ. ಇಷ್ಟು ವರ್ಷ ರಾತ್ರಿ ಕುಳಿತು ಫೋಟೊಶಾಪ್‌ನಲ್ಲಿ ನಾನೇ ಪುಟ ಕಟ್ಟುತ್ತಿದ್ದೆ. ಈಗ ಬೆನ್ನು ಕೇಳುತ್ತಿಲ್ಲ. ಹೊರಗೆ ಕೊಡಲೇಬೇಕಾಗಿದೆ. ಕೊಡಲು ಭಯವಾಗುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಭಯ ಏಕೆಂದರೆ, ಕಳೆದ ಮಾಘದ ಒಂದು ಮದುವೆಯ ಆಲ್ಬಮನ್ನು ಹೊರರಾಜ್ಯದ ವಿನ್ಯಾಸ ಸೇವೆಯೊಂದಕ್ಕೆ ಕೊಟ್ಟಿದ್ದೆ. 12×36 ಅಂಗುಲ ಅಳತೆ, 35 ಶೀಟು (ತೆರೆದಾಗ ಎದುರುಬದುರು ಕಾಣುವ ಎರಡು ಪುಟ ಸೇರಿ ಒಂದು ಶೀಟು), ಶೀಟಿಗೆ 70 ರೂಪಾಯಿ. ನಾಲ್ಕೇ ದಿನದಲ್ಲಿ ಬಂತು. ನೋಟಕ್ಕೆ ಚೆನ್ನಾಗಿತ್ತು. ಗಡಿಬಿಡಿಯಲ್ಲಿ ಮುದ್ರಣದ ಲ್ಯಾಬಿಗೆ ಕಳುಹಿಸಿದೆ, ಪ್ಯಾಡ್ (ಹೊದಿಕೆ) ಹಾಕಿಸಿ ಕೊಟ್ಟೂ ಬಿಟ್ಟೆ. ಮಾರನೆಯ ದಿನ ಹುಡುಗಿಯ ತಂದೆ ಅಂಗಡಿಗೆ ಬಂದರು. ಕೂಗಾಡಲಿಲ್ಲ. ಆಲ್ಬಮನ್ನು ಮೇಜಿನ ಮೇಲಿಟ್ಟು ಧಾರೆಯ ಪುಟ ತೆರೆದು, "ನಾನು ಎಡಗೈಯಿಂದ ಧಾರೆ ಎರೆದೆನೇನಪ್ಪ?" ಎಂದು ಕೇಳಿದರು. ನೋಡಿದರೆ, ಪುಟದ ಜೋಡಣೆಗೆ ಹೊಂದಲಿ ಎಂದು ಆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿದ್ದರು. ಮಗಳ ಸೆರಗು ಬಲ ಹೆಗಲಿಗೆ ಹೋಗಿತ್ತು. ತಂದೆಯ ಜನಿವಾರವೂ ಬಲ ಹೆಗಲ ಮೇಲಿತ್ತು. ಅದು ಶ್ರಾದ್ಧದಲ್ಲಿ ಹಾಕಿಕೊಳ್ಳುವ ರೀತಿ. ಮಗಳ ಧಾರೆಯ ಪುಟದಲ್ಲಿ ಆ ಮನುಷ್ಯ ತಮ್ಮನ್ನು ಹಾಗೆ ನೋಡಿಕೊಂಡರು.

ಇನ್ನೊಂದು ವಿಷಯವನ್ನು ಅವರು ಹೇಳಲಿಲ್ಲ, ನಾನೇ ಆಮೇಲೆ ಕಂಡುಕೊಂಡೆ. ಮದುವೆಯಾದ ಮೂರು ವಾರಕ್ಕೆ ತೀರಿಕೊಂಡ ಅಜ್ಜಿಯ ಒಂದು ಚಿತ್ರವೂ ಆ 35 ಶೀಟುಗಳಲ್ಲಿ ಇರಲಿಲ್ಲ. ನನ್ನ ಕಡತದಲ್ಲಿ ಹನ್ನೊಂದು ಇದ್ದವು.

ಕಟ್ಟಿದ ಆಲ್ಬಮ್‌ನಲ್ಲಿ ಒಂದು ಶೀಟು ಕಿತ್ತು ಇನ್ನೊಂದು ಅಂಟಿಸಲು ಆಗುವುದಿಲ್ಲ. ಪೂರ್ತಿ ಹೊಸದಾಗಿ ಮಾಡಿಸಿಕೊಟ್ಟೆ. ಹಣ ಹೋದದ್ದಕ್ಕಿಂತ ಅವರ ಆ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ಹೊರಗೆ ಕೊಟ್ಟು ಚೆನ್ನಾಗಿ ಮಾಡಿಸಿಕೊಳ್ಳುತ್ತಿರುವವರು ಹೇಗೆ ಮಾಡುತ್ತೀರಿ, ದಯವಿಟ್ಟು ಬಿಡಿಸಿ ಹೇಳಿ.

ಬಯಲುಸೀಮೆ_ಬೆಳಕು

ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ತಪ್ಪು ನಿಮ್ಮದೇ. ವಿನ್ಯಾಸ ಬಂದ ಮೇಲೆ ಒಂದೊಂದು ಶೀಟನ್ನೂ ನೋಡುವುದು ನಮ್ಮ ಕೆಲಸ. ಗ್ರಾಹಕರು ಹಣ ಕೊಟ್ಟದ್ದು ನಿಮಗೆ, ಆಲ್ಬಮ್ ಮೇಲೆ ಹೆಸರಿರುವುದು ನಿಮ್ಮದು. ನಾನು ಮೂರು ವರ್ಷದಿಂದ ಎಲ್ಲವನ್ನೂ ಹೊರಗೇ ಕೊಡುತ್ತಿದ್ದೇನೆ. ಆದರೆ ಕರಡು ಮೊದಲು ಗ್ರಾಹಕರ ಮನೆಗೆ ಹೋಗುತ್ತದೆ. ಅವರು ಒಪ್ಪಿಗೆ ಎಂದು ಬರೆದು ಕಳುಹಿಸದೆ ಲ್ಯಾಬಿಗೆ ಹೋಗುವುದೇ ಇಲ್ಲ.

ಕರಾವಳಿ_ಕಣ್ಣು

ನೋಡದೇ ಕಳುಹಿಸಿದ್ದು ತಪ್ಪು, ಸರಿ. ಆದರೆ ಕೇಳದೆ ಚಿತ್ರ ಮಗುಚಿದವರನ್ನು ಬಿಟ್ಟುಬಿಡುವುದೇ? ಮದುವೆಯ ಚಿತ್ರವನ್ನು ಮಗುಚಲೇಬಾರದು ಎನ್ನುವುದು ಈ ಕೆಲಸದ ಮೊದಲ ಪಾಠ. ನನ್ನ ಕರಾರಿನಲ್ಲಿ ಅದೇ ಮೊದಲ ಸಾಲು.

ಮಗುಚಿದ್ದಾರೋ ಇಲ್ಲವೋ ಎಂದು ಪತ್ತೆ ಮಾಡಲು ಮುಖ ನೋಡಿದರೆ ಗೊತ್ತಾಗುವುದಿಲ್ಲ. ಫಲಕದ ಮೇಲಿನ ಅಕ್ಷರ, ಗಂಡಸರ ಅಂಗಿಯ ಗುಂಡಿ ಇರುವ ಬದಿ, ಊಟದ ಪಂಕ್ತಿಯಲ್ಲಿ ಬಾಳೆ ಎಲೆಯ ತುದಿ ಇವನ್ನು ನೋಡಿ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ಬಲಕ್ಕಿದ್ದರೆ ಮಗುಚಿದ್ದಾರೆ ಎಂದೇ ಅರ್ಥ. ಸೆರಗು ಎಡ ಹೆಗಲ ಮೇಲಿದೆಯೇ ಎಂದೂ ನೋಡಿ.

ಹಳೇ_ನೆಗೆಟಿವ್

ನಾನು 1986ರಿಂದ ಈ ಕೆಲಸದಲ್ಲಿದ್ದೇನೆ. ಒಂದು ಮದುವೆಗೆ 36 ಚಿತ್ರದ ರೋಲು ಆರು ಒಯ್ಯುತ್ತಿದ್ದೆವು. ಎಷ್ಟಾಯಿತು? 216 ಚಿತ್ರ. ಅಷ್ಟರಲ್ಲಿ ವರಪೂಜೆಯಿಂದ ಮನೆ ತುಂಬಿಸುವವರೆಗೆ ಎಲ್ಲವೂ ಬರಬೇಕು, ಎರಡೂ ಕಡೆಯ ಹಿರಿಯರೆಲ್ಲ ಬರಬೇಕು. ರೋಲು ಬಸ್ಸಿನಲ್ಲಿ ಬೆಂಗಳೂರಿನ ಕಲರ್ ಲ್ಯಾಬಿಗೆ ಹೋಗಿ, ಮುದ್ರಣ ಬಸ್ಸಿನಲ್ಲೇ ಬರುತ್ತಿತ್ತು. ಚಿತ್ರದ ಹಿಂಬದಿಗೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು, ಕಪ್ಪು ರಟ್ಟಿನ ಹಾಳೆಗೆ ಮೂಲೆ ಅಂಟಿಸಿ, ನಡುವೆ ಬಟರ್ ಪೇಪರ್ ಹಾಕುತ್ತಿದ್ದೆ. ಅಂಟಿಸುವಾಗ ಯಾರು ಯಾರ ಸೋದರಮಾವ ಎಂದು ನನಗೆ ಗೊತ್ತಿರುತ್ತಿತ್ತು, ಏಕೆಂದರೆ ಆ ಎರಡು ದಿನ ಅವರ ಮನೆಯಲ್ಲೇ ಊಟ, ಅವರ ಮನೆಯಲ್ಲೇ ನಿದ್ದೆ.

ಈಗ ಮೂರು ಸಾವಿರ ಚಿತ್ರ ತೆಗೆದು, ಮದುವೆಯ ಮನೆಯನ್ನೇ ನೋಡದವನ ಕೈಗೆ ಕೊಟ್ಟು ಆಲ್ಬಮ್ ಮಾಡು ಎನ್ನುತ್ತೀರಿ. ಅವನಿಗೆ ಅಜ್ಜಿ ಯಾರು ಎಂದು ಹೇಗೆ ತಿಳಿಯಬೇಕು? ನನ್ನ ಮಾತು ಕಟುವೆನಿಸಬಹುದು. ಹದಿನಾಲ್ಕು ಆಲ್ಬಮ್ ಮಾಡಲು ಆಗದಿದ್ದರೆ ಹತ್ತು ಮದುವೆ ಒಪ್ಪಿಕೊಳ್ಳಿ.

ಬಯಲುಸೀಮೆ_ಬೆಳಕು

ಗುರುಗಳೇ, ಹತ್ತೇ ಮದುವೆ ಒಪ್ಪಿಕೊಂಡರೆ ಕ್ಯಾಮೆರಾ ಸಾಲದ ಕಂತನ್ನು ಯಾರು ಕಟ್ಟುತ್ತಾರೆ? ನಿಮ್ಮ ಕಾಲದಲ್ಲಿ ಒಂದು ಕ್ಯಾಮೆರಾ ಹದಿನೈದು ವರ್ಷ ಬರುತ್ತಿತ್ತು.

ಪುಟ_ಕಟ್ಟುವವಳು

ದಾವಣಗೆರೆಯಲ್ಲಿ ಮನೆಯಿಂದಲೇ ಆಲ್ಬಮ್ ವಿನ್ಯಾಸ ಮಾಡುತ್ತೇನೆ. ಎಂಟು ವರ್ಷವಾಯಿತು. ಕರ್ನಾಟಕದ ಇಪ್ಪತ್ತು ಛಾಯಾಗ್ರಾಹಕರು ಮತ್ತು ವಿದೇಶದ ಇಬ್ಬರು ನನಗೆ ಕೆಲಸ ಕೊಡುತ್ತಾರೆ. ನಮ್ಮ ಕಡೆಯ ಮಾತನ್ನೂ ಕೇಳಿ.

ನಮಗೆ ಬರುವುದು ಏನು ಗೊತ್ತೇ? ಒಂದು ಡ್ರೈವ್ ಕೊಂಡಿ, ಅದರಲ್ಲಿ 2,400 ಚಿತ್ರ, ಜೊತೆಗೆ ಒಂದು ಸಾಲು: "ಚೆನ್ನಾಗಿ ಮಾಡಿ, ಬೇಗ ಬೇಕು." ಹುಡುಗನ ಹೆಸರು ಇರುವುದಿಲ್ಲ. ಆರತಕ್ಷತೆ ಹಿಂದಿನ ಸಂಜೆ ನಡೆಯಿತೇ, ಮುಹೂರ್ತದ ನಂತರ ನಡೆಯಿತೇ ಎಂದು ಬರೆದಿರುವುದಿಲ್ಲ. ನಮ್ಮ ಕಡೆ ಹಿಂದಿನ ಸಂಜೆಯೇ ಆರತಕ್ಷತೆ ಮಾಡುವುದು ಎಷ್ಟೋ ಮನೆಗಳ ರೂಢಿ. ಹೊರರಾಜ್ಯದ ಹುಡುಗ ಅದನ್ನು ತೆಗೆದು ಕೊನೆಗೆ ಹಾಕುತ್ತಾನೆ, ಅವನ ಪ್ರಕಾರ ಅದೇ ಸರಿ. ಅಂತರಪಟ ಸರಿಯುವ ಮೊದಲೇ ಜೀರಿಗೆ ಬೆಲ್ಲ ಹಾಕಿಸಿಬಿಡುತ್ತಾನೆ. ಅವನಿಗೆ ಎರಡೂ ಬಣ್ಣದ ಬಟ್ಟೆ ತೊಟ್ಟ ಇಬ್ಬರ ಚಿತ್ರ, ಅಷ್ಟೇ.

ಕೆಲಸ ಚೆನ್ನಾಗಿ ಬರುವ ಛಾಯಾಗ್ರಾಹಕರು ಏನು ಮಾಡುತ್ತಾರೆ ಎಂದು ಹೇಳುತ್ತೇನೆ. ಆಯ್ಕೆಯನ್ನು ಅವರೇ ಮಾಡುತ್ತಾರೆ. 35 ಶೀಟಿಗೆ 180ರಿಂದ 220 ಚಿತ್ರ ಕಳುಹಿಸುತ್ತಾರೆ, ಅದಕ್ಕಿಂತ ಹೆಚ್ಚಿಲ್ಲ. ಶಾಸ್ತ್ರಕ್ಕೊಂದು ಫೋಲ್ಡರ್, ಫೋಲ್ಡರ್ ಹೆಸರಿನ ಮೊದಲು 01, 02 ಎಂದು ಸಂಖ್ಯೆ. ಹತ್ತಿರದವರ ಗುಂಪು ಚಿತ್ರ ಒಂದಕ್ಕೆ ಮೊಬೈಲಿನಲ್ಲೇ ಹೆಸರು ಬರೆದು ಕಳುಹಿಸುತ್ತಾರೆ: ಇವರು ತಾಯಿ, ಇವರು ದೊಡ್ಡಪ್ಪ, ಇವರಿಗೆ ಇಡೀ ಪುಟ ಬೇಕು, ಇವರಿಬ್ಬರನ್ನು ಒಂದೇ ಪುಟದಲ್ಲಿ ಹಾಕಬೇಡಿ. ಕೊನೆಯದು ಬಹಳ ಮುಖ್ಯ. ಮಾತು ಬಿಟ್ಟ ದಾಯಾದಿಗಳು ಎದುರುಬದುರು ಪುಟದಲ್ಲಿ ನಗುತ್ತಿದ್ದರೆ ಆಲ್ಬಮ್ ನೋಡುವಾಗೆಲ್ಲ ಆ ಮನೆಯಲ್ಲಿ ಮುಖ ಸಿಂಡರಿಸುತ್ತಾರೆ.

ಇಷ್ಟು ಕೊಟ್ಟರೆ ಸಿದ್ಧ ಪಿಎಸ್‌ಡಿ (ಫೋಟೊಶಾಪ್ ಕಡತ) ಟೆಂಪ್ಲೇಟಿಗೆ ಚಿತ್ರ ತುಂಬುವ ಬದಲು ಆ ಮದುವೆಗೇ ಹೊಂದುವಂತೆ ಪುಟ ಕಟ್ಟಬಹುದು. ಕೊಡದಿದ್ದರೆ ಎಲ್ಲ ಮದುವೆಗಳೂ ಒಂದೇ ಗುಲಾಬಿ ಹೂವಿನ ಅಂಚಿನಲ್ಲಿ ಮುಗಿಯುತ್ತವೆ.

ಹೇಮಾವತಿ_ದಂಡೆ

ಅಕ್ಕ, ಬಹಳ ಉಪಕಾರವಾಯಿತು. ನಾನು ಕಳುಹಿಸಿದ್ದೂ ಹಾಗೆಯೇ, 1,900 ಚಿತ್ರ ಮತ್ತು ಒಂದು ಸಾಲು. ಒಂದು ಸಂಶಯ. ನಾನು ಮತ್ತು ನನ್ನ ಹುಡುಗ ಎರಡು ಕ್ಯಾಮೆರಾ ಬಳಸುತ್ತೇವೆ. ಸಮಯದ ಪ್ರಕಾರ ಜೋಡಿಸಿದರೆ ಕಲಸಿಹೋಗುತ್ತದೆ. ನೀವು ಏನು ಮಾಡುತ್ತೀರಿ?

ಪುಟ_ಕಟ್ಟುವವಳು

ಎರಡು ಕ್ಯಾಮೆರಾಗಳ ಗಡಿಯಾರದಲ್ಲಿ ಐದು ನಿಮಿಷ ವ್ಯತ್ಯಾಸವಿದ್ದರೂ ಮಾಂಗಲ್ಯಧಾರಣೆಯ ಹೊತ್ತಿನಲ್ಲಿ ಎಲ್ಲ ಅದಲುಬದಲು. ಬೆಳಗ್ಗೆ ಕೆಲಸ ಶುರು ಮಾಡುವ ಮೊದಲು ಇಬ್ಬರೂ ಒಂದೇ ಮೊಬೈಲಿನ ಗಡಿಯಾರವನ್ನು, ಸೆಕೆಂಡು ಕಾಣುವಂತೆ, ಒಂದೊಂದು ಚಿತ್ರ ತೆಗೆದುಕೊಳ್ಳಿ. ಆಮೇಲೆ ಲೈಟ್‌ರೂಮ್ ಎಂಬ ಫೋಟೊ ತಂತ್ರಾಂಶದಲ್ಲಿ ಒಂದು ಕ್ಯಾಮೆರಾದ ಅಷ್ಟೂ ಚಿತ್ರಗಳ ಸಮಯವನ್ನು ಒಟ್ಟಿಗೆ ಸರಿಸಬಹುದು. ಎರಡು ನಿಮಿಷದ ಕೆಲಸ. ಮರೆತರೆ ನಾವು ಹೂವಿನ ಹಾರದ ಎಸಳು ಎಷ್ಟು ಉದುರಿದೆ ಎಂದು ನೋಡಿ ಅನುಕ್ರಮ ಕಂಡುಹಿಡಿಯಬೇಕಾಗುತ್ತದೆ. ಅದನ್ನೂ ಮಾಡಿದ್ದೇನೆ.

ಲ್ಯಾಬ್_ಕೋಣೆ

ಮುದ್ರಣದ ಕಡೆಯಿಂದ ನಾಲ್ಕು ಮಾತು. ಹನ್ನೆರಡು ವರ್ಷದಿಂದ ದಿನಕ್ಕೆ ನೂರಾರು ಶೀಟು ನೋಡುತ್ತಿದ್ದೇನೆ. ವಿನ್ಯಾಸ ಎಷ್ಟೇ ಚೆನ್ನಾಗಿರಲಿ, ಕಡತ ಸರಿಯಿಲ್ಲದಿದ್ದರೆ ಕಾಗದದ ಮೇಲೆ ಸಾಯುತ್ತದೆ.

12×36 ಶೀಟು ಎಂದರೆ 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ 10,800 × 3,600 ಪಿಕ್ಸೆಲ್. ವಾಟ್ಸ್ಆ್ಯಪ್‌ನಲ್ಲಿ ಬಂದ ಮಾವನ ಚಿತ್ರವನ್ನು ಅರ್ಧ ಪುಟಕ್ಕೆ ಹಿಗ್ಗಿಸಿ ಕಳುಹಿಸುತ್ತೀರಿ, ಮುಖ ಮಸುಕಾದರೆ ಲ್ಯಾಬನ್ನು ಬೈಯುತ್ತೀರಿ. ಶೀಟಿನ ನಟ್ಟನಡುವೆ, ಅಂದರೆ 18ನೇ ಅಂಗುಲದಲ್ಲಿ ಮಡಿಕೆ ಬರುತ್ತದೆ. ಅದರ ಎರಡೂ ಬದಿ ಅರ್ಧರ್ಧ ಅಂಗುಲದಲ್ಲಿ ಮುಖ, ಕಣ್ಣು, ತಾಳಿ ಯಾವುದೂ ಬರಬಾರದು. ಕಳೆದ ವಾರವೇ ಒಂದು ಆಲ್ಬಮ್‌ನಲ್ಲಿ ಮದುಮಗಳ ಮೂಗಿನ ಮೇಲೆ ಮಡಿಕೆ ಬರುವಂತೆ ಇಟ್ಟಿದ್ದರು. ನಾನೇ ಫೋನ್ ಮಾಡಿ ನಿಲ್ಲಿಸಿದೆ. ಅಂಚುಗಳನ್ನು ಕತ್ತರಿಸುತ್ತೇವೆ, ಆದ್ದರಿಂದ ಸುತ್ತಲೂ ಅರ್ಧ ಅಂಗುಲ ಅಕ್ಷರವಾಗಲಿ ತಲೆಯಾಗಲಿ ಬೇಡ.

ಬಣ್ಣದ ವಿಚಾರ. ಫೋಟೊ ಕಾಗದದ ಮೇಲೆ ಮುದ್ರಿಸುವ ನಮ್ಮ ಯಂತ್ರಕ್ಕೆ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡದ ಕಡತ ಬೇಕು. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಎಂಬ ಬೇರೆ ಮಾನದಂಡ ಇಟ್ಟು ತೆಗೆದು, ಬದಲಾಯಿಸದೆ ಕಳುಹಿಸಿದರೆ ಬಣ್ಣ ಮಂಕಾಗುತ್ತದೆ. ಅರಿಶಿನ ಶಾಸ್ತ್ರದ ಪುಟದಲ್ಲಿ ಮೊದಲು ಗೊತ್ತಾಗುವುದು: ಹಳದಿ ಹೋಗಿ ಒದ್ದೆ ಮಣ್ಣಿನ ಬಣ್ಣ ಬಂದಿರುತ್ತದೆ. ಇಂಡಿಗೋ ತರಹದ, ಶಾಯಿಯಿಂದ ಅಚ್ಚು ಹಾಕುವ ಡಿಜಿಟಲ್ ಪ್ರೆಸ್‌ನಲ್ಲಿ ಮಾಡಿಸುವುದಾದರೆ ಅದರ ದಾರಿಯೇ ಬೇರೆ, ಆ ಲ್ಯಾಬಿನವರನ್ನು ಕೇಳಿಯೇ ಕಡತ ಮಾಡಿ. ಇನ್ನು ಮಾನಿಟರಿನ ಬೆಳಕನ್ನು ಪೂರ್ತಿ ಏರಿಸಿಕೊಂಡು ಬಣ್ಣ ತಿದ್ದಬೇಡಿ. ತೆರೆಯ ಮೇಲೆ ಬೆಳ್ಳಗೆ ಕಂಡದ್ದು ಕಾಗದದಲ್ಲಿ ಕತ್ತಲಾಗುತ್ತದೆ.

ಹೊರಗೆ ಕೊಡುವವರು ಒಂದು ಕೆಲಸ ಮಾಡಿ. ಮೊದಲ ಆಲ್ಬಮ್‌ಗೆ ಮುನ್ನ ಎರಡೇ ಶೀಟು ಮುದ್ರಿಸಿ ನೋಡಿ. ಮುಹೂರ್ತದ ಒಂದು, ರಾತ್ರಿ ದೀಪದ ಬೆಳಕಿನದು ಒಂದು.

ಬಯಲುಸೀಮೆ_ಬೆಳಕು

ಈ 12 ಅಂಗುಲದ ಲೆಕ್ಕ ಎಲ್ಲಿಂದ ಬಂತು ಸರ್? ಯಾರೂ ಹೇಳಿಲ್ಲ.

ಲ್ಯಾಬ್_ಕೋಣೆ

ನಮ್ಮಂಥ ಸಾಮಾನ್ಯ ಲ್ಯಾಬ್ ಯಂತ್ರಕ್ಕೆ ಹಾಕುವ ಕಾಗದದ ಸುರುಳಿಯಲ್ಲಿ 12 ಅಂಗುಲ ಅಗಲದ್ದು ದೊಡ್ಡದು. ಆ ಅಗಲವೇ ಆಲ್ಬಮ್‌ನ ಎತ್ತರವಾಯಿತು, ಉದ್ದ 36ರವರೆಗೆ ಎಳೆಯಬಹುದಿತ್ತು. ಮನೆಯ ಕಪಾಟಿನ ಅಳತೆ ನೋಡಿ ಯಾರೂ ನಿರ್ಧರಿಸಿದ್ದಲ್ಲ.

ಧಾರವಾಡದ_ಅಕ್ಕ

ಎಲ್ಲರೂ ಚಿತ್ರದ ಬಗ್ಗೆ ಹೇಳಿದಿರಿ, ಅಕ್ಷರದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಹೊಟ್ಟೆ ಉರಿಯುವುದು ಅಲ್ಲಿಯೇ. ಮೊದಲ ಪುಟದಲ್ಲಿ ವಧೂವರರ ಹೆಸರನ್ನು ಕನ್ನಡದಲ್ಲಿ ಹಾಕಿ ಎಂದು ಕೊಟ್ಟರೆ, "ಕೃಷ್ಣ" ಎಂಬುದು "ಕೃಷ್‌ಣ" ಆಗಿ, "ಲಕ್ಷ್ಮಿ" ಎಂಬುದು "ಲಕ್‌ಷ್‌ಮಿ" ಆಗಿ ಒತ್ತೆಲ್ಲ ಕಳಚಿಕೊಂಡು ಬರುತ್ತದೆ. ಮಾಡಿದವರಿಗೆ ಕನ್ನಡ ಬಾರದು, ಕಣ್ಣಿಗೆ ಬೀಳುವುದಿಲ್ಲ. ನಾವು ನೋಡಿ ಹೇಳಿದರೆ "ಫಾಂಟ್ ಸಮಸ್ಯೆ, ಇಂಗ್ಲಿಷಿನಲ್ಲಿ ಹಾಕಿಬಿಡೋಣ" ಎನ್ನುತ್ತಾರೆ. ಆ ಮಾತಿಗೆ ಒಪ್ಪಿ ಒಪ್ಪಿಯೇ ನಮ್ಮ ಆಲ್ಬಮ್‌ಗಳಲ್ಲಿ ಕನ್ನಡ ಅಕ್ಷರ ಕಾಣದಂತಾಗಿದೆ.

ಅದು ಫಾಂಟಿನ ಸಮಸ್ಯೆಯಲ್ಲ. ಕೆಲವು ವರ್ಷ ಹಿಂದಿನ ಫೋಟೊಶಾಪ್ ಆದರೆ ಅದರ ಪ್ರಿಫರೆನ್ಸಸ್‌ನಲ್ಲಿ ಟೈಪ್ ಎಂಬ ಭಾಗಕ್ಕೆ ಹೋಗಿ 'ವರ್ಲ್ಡ್ ರೆಡಿ ಲೇಔಟ್' ಆರಿಸಬೇಕು. ಅದಕ್ಕೂ ಹಳೆಯ ಆವೃತ್ತಿಯಲ್ಲಿ ಇದೇ 'ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಎಂದು ಇರುತ್ತದೆ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಇವು ಪುಕ್ಕಟೆ ಸಿಗುವ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟುಗಳು, ಒತ್ತು ಸರಿಯಾಗಿ ಕೂರುತ್ತದೆ. ನಿಮ್ಮ ವಿನ್ಯಾಸಕಾರರಿಗೆ ಇದನ್ನು ಬರೆದು ಕಳುಹಿಸಿ.

ಇನ್ನೊಂದು ಮಾತು. ಇಲ್ಲಿ ಎಲ್ಲರೂ ಧಾರೆ, ಅಂತರಪಟ ಎನ್ನುತ್ತಿದ್ದೀರಿ. ನಮ್ಮ ಕಡೆ ಸುರಿಗೆ ನೀರು (ಶಾಸ್ತ್ರದ ಸ್ನಾನ), ಅಕ್ಕಿಕಾಳು (ಮುಹೂರ್ತಕ್ಕೆ ಹಾಕುವ ಅಕ್ಷತೆ) ಇವೆ. ಅಕ್ಕಿಕಾಳು ಬೀಳುವ ಗಳಿಗೆಗೆ ಇಡೀ ಶೀಟು ಕೊಡದ ಆಲ್ಬಮನ್ನು ನಮ್ಮವರು ಒಪ್ಪುವುದಿಲ್ಲ.

ಬಯಲುಸೀಮೆ_ಬೆಳಕು

ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಟಿಸುತ್ತೇನೆ. ಏನೂ ತೊಂದರೆ ಇಲ್ಲ.

ಧಾರವಾಡದ_ಅಕ್ಕ

ನಿಮ್ಮ ಕಂಪ್ಯೂಟರಿನಲ್ಲಿ ತೊಂದರೆ ಇಲ್ಲ. ನುಡಿಯ ಹಳೆಯ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಪಿಎಸ್‌ಡಿ ತೆರೆದರೆ ಅಷ್ಟೂ ಇಂಗ್ಲಿಷ್ ಗೀಚುಗಳಾಗಿ ಕಾಣುತ್ತದೆ. ಹೊರಗೆ ಕೊಡುವಾಗ ಯೂನಿಕೋಡೇ ಇರಲಿ ಅಣ್ಣ.

ಕೊಡಗಿನ_ದಾರಿ

ಕರಾವಳಿ_ಕಣ್ಣು ಅವರೇ, ಸೆರಗು ಎಡ ಹೆಗಲಿಗೆ ಇರಬೇಕು ಎಂದಿರಿ. ನಮ್ಮ ಕೊಡವ ಸೀರೆಯಲ್ಲಿ ನೆರಿಗೆ ಬೆನ್ನ ಕಡೆಗೆ, ಸೆರಗು ಬಲ ಹೆಗಲಿಗೆ. ನಿಮ್ಮ ಸೂತ್ರ ಹಿಡಿದುಕೊಂಡು ಯಾರಾದರೂ ಸರಿಯಾಗಿರುವ ಚಿತ್ರವನ್ನೇ ಮಗುಚಿಬಿಟ್ಟಾರು. ಇದು ಕಲ್ಪನೆಯಲ್ಲ, ನನಗೇ ಆಗಿದೆ. ಹೊರಗಿನ ವಿನ್ಯಾಸಕಾರರೊಬ್ಬರು "ತಪ್ಪು ಸರಿಪಡಿಸಿದ್ದೇನೆ" ಎಂದು ಹೆಮ್ಮೆಯಿಂದ ಕಳುಹಿಸಿದ್ದರು. ಮದುಮಗನ ಸೊಂಟದ ಪೀಚೆಕತ್ತಿಯೂ ತಪ್ಪು ಬದಿಗೆ ಹೋಗಿತ್ತು.

ನಮ್ಮಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಗಿಂಡಿಯ ಹಾಲು ಕುಡಿಸಿ, ನಾಣ್ಯ ಕೊಟ್ಟು ಹರಸುತ್ತಾರೆ. ಅಗ್ನಿಯ ಚಿತ್ರ ಎಲ್ಲಿದೆ ಎಂದು ನನ್ನನ್ನು ಕೇಳಿದ ವಿನ್ಯಾಸ ಸೇವೆಗಳಿವೆ. ಒಂದು ಸಲ, ಟೆಂಪ್ಲೇಟಿನಲ್ಲಿ ಜಾಗ ಖಾಲಿ ಉಳಿಯಿತೆಂದು ಹೋಮಕುಂಡದ ಚಿತ್ರವನ್ನು ಅವರೇ ಎಲ್ಲಿಂದಲೋ ತಂದು ಹಾಕಿದ್ದರು. ಹಾಗಾಗಿ ನಾನು ಈಗ ಹೊಸಬರಿಗೆ ಮೊದಲು ಹಳೆಯ ಮದುವೆಯ ಒಂದು ಪೂರ್ತಿ ಆಲ್ಬಮ್ ಕಳುಹಿಸುತ್ತೇನೆ, ನೋಡಿ ಕಲಿಯಲಿ ಎಂದು. ಆಮೇಲೆ ಕೆಲಸ.

ಕರಾವಳಿ_ಕಣ್ಣು

ಒಪ್ಪಿದೆ, ನನ್ನ ಮಾತು ಅವಸರದ್ದಾಯಿತು. ಸೆರಗನ್ನು ಬಿಟ್ಟುಬಿಡಿ. ಅಕ್ಷರ ಮತ್ತು ಬಾಳೆ ಎಲೆ ನೋಡಿ. ನಮ್ಮ ಕಡೆ ಕ್ರೈಸ್ತರ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲೂ ಇಂಥದ್ದೇ ಪಾಡು. ತೆಂಗಿನ ಹಾಲು ಹಚ್ಚುವುದನ್ನು ಅರಿಶಿನ ಶಾಸ್ತ್ರ ಎಂದುಕೊಂಡು ಪುಟಕ್ಕೆಲ್ಲ ಹಳದಿ ಬಳಿದು ಕಳುಹಿಸುತ್ತಾರೆ.

ಮೂರನೇ_ಕ್ಯಾಮೆರಾ

ಇಷ್ಟೆಲ್ಲ ತಲೆನೋವು ಏಕೆ? ಈಗ ಆಯ್ಕೆ ಮಾಡುವ ಎಐ ತಂತ್ರಾಂಶಗಳಿವೆ, ಪುಟ ಜೋಡಿಸುವ ತಂತ್ರಾಂಶಗಳಿವೆ. ನಾನು ಸ್ಮಾರ್ಟ್‌ಆಲ್ಬಮ್ಸ್ ಬಳಸುತ್ತೇನೆ. ಚಿತ್ರಗಳನ್ನು ಎಳೆದು ಬಿಟ್ಟರೆ ಜೋಡಣೆ ತಾನೇ ಬರುತ್ತದೆ. ಒಂದು ಸಂಜೆಗೆ ಒಂದು ಆಲ್ಬಮ್.

ಪುಟ_ಕಟ್ಟುವವಳು

ಜೋಡಣೆಯ ತಂತ್ರಾಂಶ ಒಳ್ಳೆಯದೇ, ನಾನೂ ಬಳಸುತ್ತೇನೆ. ಆಯ್ಕೆಯನ್ನು ಯಂತ್ರಕ್ಕೆ ಬಿಡುವುದಕ್ಕೆ ಮಾತ್ರ ನನ್ನ ವಿರೋಧವಿದೆ. ಕಣ್ಣು ಮುಚ್ಚಿದ ಚಿತ್ರಗಳನ್ನೆಲ್ಲ ಅದು ಬದಿಗೆ ತಳ್ಳುತ್ತದೆ. ನಮ್ಮ ಮದುವೆಯಲ್ಲಿ ಮುಖ್ಯವಾದ ಗಳಿಗೆಗಳೆಲ್ಲ ಕಣ್ಣು ಮುಚ್ಚಿಯೇ ಇರುತ್ತವೆ! ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳುವಾಗ ಹುಡುಗಿ ಕಣ್ಣು ಮುಚ್ಚುತ್ತಾಳೆ. ತಾಳಿ ಕಟ್ಟುವಾಗ ಅವಳ ತಾಯಿ ಕಣ್ಣು ಮುಚ್ಚಿ ಕೈ ಮುಗಿದಿರುತ್ತಾಳೆ. ಒಬ್ಬರು ಯಂತ್ರ ಆರಿಸಿದ 300 ಚಿತ್ರ ಕಳುಹಿಸಿದ್ದರು, ಅದರಲ್ಲಿ ತಾಯಿ ಅಳುತ್ತಿರುವ ಒಂದು ಚಿತ್ರವೂ ಇರಲಿಲ್ಲ. ಮೂಲ ಕಡತ ತರಿಸಿಕೊಂಡು ನೋಡಿದೆ. ಆರು ಇದ್ದವು. ಒಂದರಲ್ಲಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಅದಕ್ಕೆ ಇಡೀ ಪುಟ ಕೊಟ್ಟೆ, ಪಕ್ಕದಲ್ಲಿ ಏನನ್ನೂ ಇಡಲಿಲ್ಲ.

ಮೂರನೇ_ಕ್ಯಾಮೆರಾ

ಅದು ನಿಜ. ತಳ್ಳಿದ ರಾಶಿಯನ್ನೂ ಒಮ್ಮೆ ನೋಡಬೇಕು. ನಾನು ನೋಡುತ್ತಿರಲಿಲ್ಲ, ಇವತ್ತಿನಿಂದ ನೋಡುತ್ತೇನೆ.

ಹಳೇ_ನೆಗೆಟಿವ್

ನೋಡಿದಿರಾ? ಆ ತಾಯಿಯ ಚಿತ್ರ ಬೇಕು ಎಂದು ಗೊತ್ತಾಗಲು ಒಬ್ಬ ಮನುಷ್ಯ ಕೂರಬೇಕಾಯಿತು. ಅದನ್ನೇ ನಾನು ಹೇಳಿದ್ದು.

ಪುಟ_ಕಟ್ಟುವವಳು

ಆ ಮನುಷ್ಯ ಮದುವೆಗೆ ಹೋಗಿರಲಿಲ್ಲ ಸರ್, ದಾವಣಗೆರೆಯಲ್ಲಿದ್ದಳು. ಹೊರಗಿನವರಿಗೆ ಮನಸ್ಸಿಲ್ಲ ಎನ್ನಬೇಡಿ.

ಮದುಮಗಳ_ತಂಗಿ

ನಾನು ಛಾಯಾಗ್ರಾಹಕಿ ಅಲ್ಲ, ಗ್ರಾಹಕರ ಕಡೆಯವಳು. ಕಳೆದ ವರ್ಷ ಅಕ್ಕನ ಮದುವೆಯಾಯಿತು. ಅಕ್ಕ ಕಪ್ಪಗಿದ್ದಾಳೆ, ಎಣ್ಣೆಗಪ್ಪು. ಆಲ್ಬಮ್ ಬಂದಾಗ ಅವಳ ಮುಖವನ್ನು ಬೆಳ್ಳಗೆ ಮಾಡಿ, ಕೆನ್ನೆಯ ಮಚ್ಚೆ ಅಳಿಸಿ, ಮೇಣದ ಬೊಂಬೆಯಂತೆ ಮಾಡಿದ್ದರು. ಕೈ ಮಾತ್ರ ಅವಳ ಬಣ್ಣದಲ್ಲೇ ಉಳಿದಿತ್ತು. ಅವಳು ಆಲ್ಬಮನ್ನು ಒಂದು ಸಲ ನೋಡಿ ಮುಚ್ಚಿದಳು, ಮತ್ತೆ ತೆಗೆದಿಲ್ಲ. ಛಾಯಾಗ್ರಾಹಕರನ್ನು ಕೇಳಿದರೆ, "ಡಿಸೈನ್ ಹೊರಗೆ ಕೊಡುತ್ತೇವೆ ಮೇಡಂ, ಅವರು ಎಲ್ಲರಿಗೂ ಹೀಗೇ ಮಾಡುತ್ತಾರೆ" ಎಂದರು. ನೀವು ಬರೆದು ಕಳುಹಿಸುವ ಸೂಚನೆಯಲ್ಲಿ ಇದನ್ನೂ ಸೇರಿಸಿ. ಯಾರ ಬಣ್ಣವನ್ನೂ ಬದಲಿಸಬೇಡಿ ಎಂದು.

ಬಯಲುಸೀಮೆ_ಬೆಳಕು

ನಿಮ್ಮ ಅಕ್ಕನ ವಿಷಯ ಕೇಳಿ ಬೇಸರವಾಯಿತು ಅಮ್ಮ. ಆದರೆ ಹತ್ತರಲ್ಲಿ ಎಂಟು ಮನೆಯವರು ಬೆಳ್ಳಗೆ ಮಾಡಿ ಎಂದೇ ಕೇಳುತ್ತಾರೆ. ಮಾಡದಿದ್ದರೆ "ನಿಮ್ಮ ಕ್ಯಾಮೆರಾ ಸರಿಯಿಲ್ಲ" ಎನ್ನುತ್ತಾರೆ. ನಾವು ಏನು ಮಾಡಬೇಕು?

ಧಾರವಾಡದ_ಅಕ್ಕ

ಕೇಳುವವರು ಯಾರು? ಹುಡುಗಿಯೇ? ಅವಳನ್ನು ಬಿಟ್ಟು ಉಳಿದವರೆಲ್ಲ ಕೇಳುತ್ತಾರೆ. ನಾನು ಮದುವೆಗೆ ಮುಂಚೆಯೇ ಹುಡುಗಿಯನ್ನು ಕೂರಿಸಿಕೊಂಡು ಕೇಳುತ್ತೇನೆ. ಮೊಡವೆ ತೆಗೆಯಬೇಕೇ, ಮಚ್ಚೆ ಇರಬೇಕೇ ಎಂದು. ಬಣ್ಣ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಈ ಕಾರಣಕ್ಕೆ ಎರಡು ಮದುವೆ ಕೈಬಿಟ್ಟು ಹೋಗಿವೆ. ಹೋಗಲಿ.

ಕರಾವಳಿ_ಕಣ್ಣು

ಇನ್ನೊಂದು ಗಂಭೀರ ವಿಷಯ. ನಾನು ಕೊಟ್ಟಿದ್ದ ಮದುವೆಯೊಂದರ ಪುಟಗಳು ವಿನ್ಯಾಸ ಸೇವೆಯವರ ಇನ್‌ಸ್ಟಾಗ್ರಾಮಿನಲ್ಲಿ ಮಾದರಿಯಾಗಿ ಬಂದಿದ್ದವು. ಹುಡುಗಿಯ ಮನೆಯವರಿಗೆ ಗೊತ್ತಾಗಿದ್ದು ಅವರ ಸಂಬಂಧಿಕರೊಬ್ಬರಿಂದ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಛಾಯಾಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರದ್ದೇ. ನಮ್ಮದೂ ಅಲ್ಲ, ವಿನ್ಯಾಸ ಮಾಡಿದವರದ್ದಂತೂ ಅಲ್ಲವೇ ಅಲ್ಲ. ಆದ್ದರಿಂದ ಎರಡು ಕಾಗದ ಮಾಡಿಸಿಕೊಳ್ಳಿ: ಚಿತ್ರ ಎಲ್ಲಿ ಬಳಸಬಹುದು ಎಂದು ಗ್ರಾಹಕರೊಂದಿಗೆ ಒಂದು, ಕೆಲಸ ಮುಗಿದ ಮೇಲೆ ಕಡತ ಅಳಿಸುತ್ತೇವೆ, ಎಲ್ಲಿಯೂ ಹಾಕುವುದಿಲ್ಲ ಎಂದು ವಿನ್ಯಾಸಕಾರರೊಂದಿಗೆ ಒಂದು. ವಾಟ್ಸ್ಆ್ಯಪ್ ಮಾತನ್ನು ನಂಬಿ ಕೂರಬೇಡಿ.

ಆಗುಂಬೆ_ಮಳೆ

ವಿಷಯ ಬಿಟ್ಟು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಪ್ಪ ಅಮ್ಮನ 1991ರ ಆಲ್ಬಮ್ ಇದೆ. ಅಂಟು ಹಾಳೆಯ ಮೇಲೆ ಚಿತ್ರ ಇಟ್ಟು ಪ್ಲಾಸ್ಟಿಕ್ ಮುಚ್ಚುವ ನಮೂನೆಯದ್ದು. ಮಲೆನಾಡಿನ ತೇವಕ್ಕೆ ಚಿತ್ರಗಳೆಲ್ಲ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿವೆ. ಕೀಳಬಹುದೇ?

ಹಳೇ_ನೆಗೆಟಿವ್

ಕೀಳಬೇಡಿ! ಎಳೆದರೆ ಬಣ್ಣದ ಪದರವೇ ಪ್ಲಾಸ್ಟಿಕ್ಕಿನ ಜೊತೆ ಬಂದುಬಿಡುತ್ತದೆ. ಮೊದಲು ಇದ್ದ ಹಾಗೆಯೇ, ಬಾಗಿಲ ಬಳಿ ನೆರಳಿನ ಬೆಳಕಿನಲ್ಲಿ, ಪ್ಲಾಸ್ಟಿಕ್ ಮಿನುಗದ ಕೋನ ನೋಡಿ ಒಂದೊಂದು ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ನೆಗೆಟಿವ್ ಎಲ್ಲಾದರೂ ಇದೆಯೇ ಎಂದು ಟ್ರಂಕು, ಅಟ್ಟ ಎಲ್ಲ ಹುಡುಕಿ. ಹಳೆಯ ಲಕೋಟೆಯಲ್ಲಿ ಇದ್ದರೂ ಇರಬಹುದು. ಅದು ಸಿಕ್ಕರೆ ಚಿತ್ರಗಳನ್ನು ಹೊಸದಾಗಿಯೇ ಮುದ್ರಿಸಬಹುದು. ಆಲ್ಬಮನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಬಿಸಿಲಿಗೂ ಒಣಹಾಕಬೇಡಿ.

ಆಗುಂಬೆ_ಮಳೆ

ನೆಗೆಟಿವ್ ಹುಡುಕುತ್ತೇನೆ ಸರ್. ಬಹಳ ಧನ್ಯವಾದ.

ಶೀಟಿಗೆ_ನಲವತ್ತು

ಹಣದ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ವಿನ್ಯಾಸಕಾರ. ನನಗೆ ಶೀಟಿಗೆ 40 ರೂಪಾಯಿ ಕೊಡುತ್ತಾರೆ. ಮೂರು ಬಾರಿ ತಿದ್ದುಪಡಿ, ಆಮೇಲೆ ಹುಡುಗನ ಅತ್ತಿಗೆಯಿಂದ ನಾಲ್ಕನೇ ತಿದ್ದುಪಡಿ. ಹಣ ಬರುವುದು ಆಲ್ಬಮ್ ಮಾರಾಟವಾದ ಮೇಲೆ, ಅಂದರೆ ಕೆಲವೊಮ್ಮೆ ಐದು ತಿಂಗಳಿಗೆ. ಈ ದರಕ್ಕೆ ದಿನಕ್ಕೆ ಮೂವತ್ತು ಶೀಟು ಮುಗಿಸದಿದ್ದರೆ ಮನೆ ನಡೆಯುವುದಿಲ್ಲ. ಮೂವತ್ತು ಶೀಟು ಮುಗಿಸುವವನಿಗೆ ಅಜ್ಜಿಯನ್ನು ಹುಡುಕಲು ಸಮಯ ಎಲ್ಲಿದೆ? ನಿಧಾನವಾಗಿ ನೋಡಿ ಮಾಡಬೇಕೆಂದರೆ ದರವೂ ಹಾಗೆಯೇ ಇರಬೇಕು. ಅರ್ಧ ಮುಂಗಡ, ಉಳಿದದ್ದು ಕಡತ ಕೊಟ್ಟ ದಿನ. ಫೋನ್‌ಪೇ ಮಾಡಲು ಎಷ್ಟು ಹೊತ್ತು ಬೇಕು?

ಪುಟ_ಕಟ್ಟುವವಳು

ಅಕ್ಷರಶಃ ನಿಜ. ನಾನು ಶೀಟಿಗೆ 150 ತೆಗೆದುಕೊಳ್ಳುತ್ತೇನೆ, ಎರಡು ತಿದ್ದುಪಡಿ ಉಚಿತ. ಮೂರನೆಯದಕ್ಕೆ ಬೇರೆ ಹಣ. ಮೊದಲ ವರ್ಷ ಇಷ್ಟು ದರ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ನೀವೂ ಏರಿಸಿ.

ಬಯಲುಸೀಮೆ_ಬೆಳಕು

150 ಆದರೆ 35 ಶೀಟಿಗೆ 5,250. ನಮ್ಮ ಊರಿನ ಮದುವೆ ಪ್ಯಾಕೇಜಿನಲ್ಲಿ ಅಷ್ಟು ಗಿಟ್ಟುವುದಿಲ್ಲ.

ಕೊಡಗಿನ_ದಾರಿ

35ರ ಬದಲು 25 ಶೀಟು ಮಾಡಿಸಿ. ಪುಟಕ್ಕೆ ಹನ್ನೆರಡು ಚಿತ್ರ ತುರುಕಿದ 35 ಶೀಟಿಗಿಂತ ಉಸಿರಾಡುವ 25 ಶೀಟನ್ನು ಜನ ಮೆಚ್ಚುತ್ತಾರೆ. ಎತ್ತಿಕೊಂಡು ನೋಡುವುದಕ್ಕೂ ಹಗುರ. ನಾನು ಎರಡು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇನೆ, ಒಬ್ಬರೂ ಕಡಿಮೆಯಾಯಿತು ಎಂದಿಲ್ಲ.

ಹೇಮಾವತಿ_ದಂಡೆ

ಎಲ್ಲರಿಗೂ ವಂದನೆ. ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಹದಿನಾಲ್ಕರಲ್ಲಿ ಐದನ್ನು ನಾನೇ ಮಾಡುತ್ತೇನೆ ಎಂದು ಇಟ್ಟುಕೊಂಡೆ. ಒಂಬತ್ತನ್ನು ನಮ್ಮ ರಾಜ್ಯದವರೇ ಆದ ಇಬ್ಬರಿಗೆ ಕೊಡುತ್ತಿದ್ದೇನೆ. ಒಬ್ಬರು ಇಲ್ಲೇ ಇದ್ದಾರೆ, ಅವರಿಗೆ ಗೊತ್ತು.

ಮೊದಲನೆಯದಕ್ಕೆ ಆಯ್ಕೆ ಮಾಡುವ ಮುನ್ನ ನಾನು ಮತ್ತು ನನ್ನ ಹೆಂಡತಿ ಹುಡುಗಿಯ ಮನೆಗೆ ಹೋದೆವು. ಲ್ಯಾಪ್‌ಟಾಪ್ ಒಯ್ದಿದ್ದೆ. ಹುಡುಗಿಯ ತಾಯಿ ಒಬ್ಬೊಬ್ಬರನ್ನೇ ತೋರಿಸಿ ಹೇಳುತ್ತಾ ಹೋದರು, ನನ್ನ ಹೆಂಡತಿ ಅವರದೇ ಲಗ್ನಪತ್ರಿಕೆಯ ಹಿಂಬದಿಗೆ ಬರೆದುಕೊಂಡಳು. ಚೌಕಳಿ ಸೀರೆಯವರು ಸೋದರತ್ತೆ, ಬಸುರಿ ಇದ್ದರು, ನಿಂತ ಚಿತ್ರ ಬೇಡ ಎಂದಿದ್ದಾರೆ. ಗಾಲಿಕುರ್ಚಿಯಲ್ಲಿರುವವರು ತಾತ, ಮೊಮ್ಮಗಳ ಕೈ ಹಿಡಿದ ಚಿತ್ರ ದೊಡ್ಡದಾಗಿ. ಕೆಂಪು ಅಂಗಿಯ ಹುಡುಗ ಮನೆಯವನಲ್ಲ, ಪಕ್ಕದ ಮನೆಯವನು, ಆದರೆ ಚಪ್ಪರದ ಕೆಲಸವೆಲ್ಲ ಅವನದೇ, ಅವನು ಇರಲೇಬೇಕು. ಈ ಹುಡುಗನನ್ನು ನಾನು ಮದುವೆಯಲ್ಲಿ ನಾಲ್ಕು ಸಲ ಚೌಕಟ್ಟಿನಿಂದ ಆಚೆ ಸರಿಸಿದ್ದೆ. ಹುಡುಕಿದಾಗ ಎರಡು ಚಿತ್ರ ಸಿಕ್ಕವು.

ಆ ಪತ್ರಿಕೆಯ ಫೋಟೊ ತೆಗೆದು, 190 ಚಿತ್ರ, ಸಂಖ್ಯೆ ಹಾಕಿದ ಹನ್ನೊಂದು ಫೋಲ್ಡರ್, ಅರ್ಧ ಹಣ, ಇಷ್ಟನ್ನು ಕಳುಹಿಸಿದೆ. ಮಗುಚಬೇಡಿ, ಬಣ್ಣ ಬದಲಿಸಬೇಡಿ, ಕನ್ನಡ ಹೆಸರು ಯೂನಿಕೋಡಿನಲ್ಲಿ ಎಂದು ಮೇಲೆಯೇ ಬರೆದೆ. 28 ಶೀಟಿಗೆ ನಿಲ್ಲಿಸಿದೆ.

ಧಾರವಾಡದ_ಅಕ್ಕ

ಕರಡು ಬಂತೇ? ಹೆಸರು ಹೇಗೆ ಬಂದಿದೆ?

ಹೇಮಾವತಿ_ದಂಡೆ

ನಿನ್ನೆ ರಾತ್ರಿ ಬಂತು ಅಕ್ಕ. ಒತ್ತಕ್ಷರ ಎಲ್ಲ ಸರಿಯಾಗಿದೆ. ತಾತನಿಗೆ ಇಡೀ ಪುಟ ಸಿಕ್ಕಿದೆ. ಬೆಳಗ್ಗೆ ಹುಡುಗಿಯ ಮನೆಗೆ ಕಳುಹಿಸಿದ್ದೆ, ಒಪ್ಪಿಗೆ ಎಂದು ಬರೆದಿದ್ದಾರೆ, ಒಬ್ಬ ಚಿಕ್ಕಪ್ಪನನ್ನು ಸೇರಿಸಿ ಎಂದಿದ್ದಾರೆ. ಲ್ಯಾಬಿಗೆ ಕಳುಹಿಸುವ ಮೊದಲು ನಾನು ಮತ್ತೊಮ್ಮೆ ಕುಳಿತು ಒಂದೊಂದಾಗಿ ನೋಡುತ್ತಿದ್ದೇನೆ. ಈಗ 26ನೇ ಶೀಟು, ಬೀಗರ ಊಟ. ಎಲೆಯ ತುದಿ ಉಣ್ಣುವವರ ಎಡಕ್ಕೇ ಇದೆ.